ಸಹಾಯ ಬೇಕು: ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಒಂದೇ ಬಿಲ್ಡ್ ಫೈಲ್ ಹೇಗೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದಕ್ಕೆ ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ.

ನನ್ನ ಉಬುಂಟು ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ) ಜೊತೆ ಚೆನ್ನಾಗಿ ಓಡುತ್ತದೆ. ತಂಗಿಯ ಮ್ಯಾಕ್‌ನಲ್ಲಿ ಕ್ಲ್ಯಾಂಗ್ ಕಂಪೈಲರ್ ಕೂಡ ತಕರಾರು ಮಾಡಲಿಲ್ಲ. ಅಪ್ಪನದು ವಿಂಡೋಸ್. ಅಲ್ಲಿ ವಿಷುವಲ್ ಸ್ಟುಡಿಯೋ 'ಎಂ ಡಾಟ್ ಲಿಬ್' ಫೈಲ್ ಸಿಗುತ್ತಿಲ್ಲ ಅಂತ ನಿಂತುಬಿಟ್ಟಿತು. ಲಿನಕ್ಸ್‌ನಲ್ಲಿ ಗಣಿತದ ಲೈಬ್ರರಿಯನ್ನು ಬೇರೆಯಾಗಿ ಲಿಂಕ್ ಮಾಡಬೇಕು, ವಿಂಡೋಸ್‌ನಲ್ಲಿ ಅದು ಸಿ ರನ್‌ಟೈಮ್ (ಸಿ ಭಾಷೆಯ ಮೂಲ ಲೈಬ್ರರಿ) ಒಳಗೇ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಸದ್ಯಕ್ಕೆ ಸಿಮೇಕ್ (ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಸಾಧನ) ಫೈಲಿನಲ್ಲಿ ಆ ಲಿಂಕ್ ಮಾಡುವ ಸಾಲನ್ನು 'ಇಫ್ ಯೂನಿಕ್ಸ್' (ಲಿನಕ್ಸ್, ಮ್ಯಾಕ್‌ನಂಥವಕ್ಕೆ ಮಾತ್ರ) ಒಳಗೆ ಹಾಕಿದ್ದೇನೆ. ಬಿಲ್ಡ್ ಆಯಿತು. ಆದರೆ ಹೀಗೆ ಓಎಸ್ ಹೆಸರು ನೋಡಿ ತೀರ್ಮಾನಿಸುವುದು ಸರಿಯಾ? ಲೈಬ್ರರಿ ಇದೆಯಾ ಅಂತ ಸಿಮೇಕ್‌ನಿಂದಲೇ ಪರೀಕ್ಷೆ ಮಾಡಿಸುವುದು ವಾಸಿ ಅಲ್ವಾ?

ಇನ್ನೊಂದು ತಲೆನೋವು ಜಾಸ್ತಿ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಉಳಿಸಿದ ಬೈನರಿ ಫೈಲನ್ನು ಅಪ್ಪ ತೆರೆದರೆ ಜುಲೈ ತಿಂಗಳಲ್ಲಿ ಒಂದು ದಿನ ಮಳೆ, ಮರುದಿನ ಸೊನ್ನೆ, ಮತ್ತೆ ಮಳೆ, ಮತ್ತೆ ಸೊನ್ನೆ! 'ಇದು ಯಾವ ಊರಿನ ಮಳೆ?' ಅಂದರು. ಸಂಖ್ಯೆ ಇಡುವ 'ಲಾಂಗ್' ಟೈಪ್ ನನ್ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4 ಬೈಟ್, ಹಾಗಾಗಿ ನನ್ನ ಒಂದು ಸಂಖ್ಯೆಯನ್ನು ಅಲ್ಲಿ ಎರಡಾಗಿ ಓದುತ್ತದೆ, ಅದೇ ಕಾರಣ. ಎಲ್ಲ ಕಡೆ 4 ಬೈಟ್ ಇರುವ ಇಂಟ್32 ಟೈಪಿಗೆ ಬದಲಾಯಿಸುತ್ತೇನೆ. ಆದರೆ ಈಗಾಗಲೇ ತುಂಬಿಸಿರುವ ಎರಡು ವರ್ಷದ ಹಳೇ ಫೈಲುಗಳನ್ನು ಏನು ಮಾಡಲಿ? ಸುಮ್ನೆ ಸಿಎಸ್‌ವಿಗೆ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಠ್ಯದ ಫೈಲ್) ಹೋಗಿಬಿಡಲಾ?

ಮೂರೂ ಕಂಪೈಲರ್ ಬಳಸಿದವರು ಇದ್ದರೆ ದಯವಿಟ್ಟು ಹೇಳಿ. ಮಳೆ ಜೋರಾದರೆ ಇಲ್ಲಿ ಕರೆಂಟ್ ಇರುವುದಿಲ್ಲ, ಉತ್ತರ ತಡವಾದರೆ ಬೇಜಾರಾಗಬೇಡಿ.