ಸಹಾಯ ಬೇಕು: ಕರಾವಳಿಯ ತೇವಕ್ಕೆ ಬಾಳುವ ಕಡಿಮೆ ಬೆಲೆಯ ಅಕೌಸ್ಟಿಕ್ ಗಿಟಾರ್

ನಮಸ್ಕಾರ. ಮಂಗಳೂರಿನಲ್ಲಿ ಕಲಿಯುವ ಹುಡುಗಿಗೆ ಗಿಟಾರ್ ಬೇಕು, ಬಜೆಟ್ 12,000 ರೂಪಾಯಿ. ಹೊಸ ಯಮಹಾ ಎಫ್310 ಅಥವಾ ಸೆಕೆಂಡ್ ಹ್ಯಾಂಡ್ ಎಫ್‌ಜಿ800, ಎರಡರಲ್ಲೊಂದು.

ಎಫ್310ರ ಮೇಲ್ಹಲಗೆ ಲ್ಯಾಮಿನೇಟ್ (ತೆಳು ಪದರಗಳನ್ನು ಅಂಟಿಸಿದ್ದು), ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಸ್ಕೇಲ್ (ತಂತಿಯ ಮಿಡಿಯುವ ಉದ್ದ) 634 ಮಿ.ಮೀ., ಎಫ್‌ಜಿ800ಕ್ಕಿಂತ ಗಿಡ್ಡ, ಹಾಗಾಗಿ ತಂತಿಯ ಬಿಗಿತವೂ ತುಸು ಕಡಿಮೆ. ಎಫ್‌ಜಿ800ಕ್ಕೆ ಸಾಲಿಡ್ ಸ್ಪ್ರೂಸ್, ಅಂದರೆ ಪದರಗಳಿಲ್ಲದ ಇಡೀ ಮರದ ಹಲಗೆ. ನಾದ ಖಂಡಿತ ಹೆಚ್ಚು ತುಂಬಿ ಬರುತ್ತದೆ, ನನ್ನ ಒಲವೂ ಅದಕ್ಕೇ. ಆದರೆ ಮಳೆಗಾಲದಲ್ಲಿ ಹಲಗೆ ಉಬ್ಬಿದರೆ ಬ್ರಿಡ್ಜ್ (ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಮೇಲೆದ್ದು ಆ್ಯಕ್ಷನ್ (ನೆಕ್‌ನಿಂದ ತಂತಿಯ ಎತ್ತರ) ಏರುತ್ತದೆ.

ನೋಡಿಟ್ಟಿರುವ ಎಫ್‌ಜಿ800ರಲ್ಲಿ 12ನೇ ಫ್ರೆಟ್ (ನೆಕ್‌ನ ಲೋಹದ ಅಡ್ಡಪಟ್ಟಿ) ಮೇಲೆ ಆರನೇ ತಂತಿ 3.5 ಮಿ.ಮೀ. ಎತ್ತರದಲ್ಲಿದೆ. ಅದನ್ನು 2.5ಕ್ಕೆ ಇಳಿಸಲು ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ) ತಳವನ್ನು, 12ನೇ ಫ್ರೆಟ್ ತಂತಿಯ ನಡುಮಧ್ಯವಾದ್ದರಿಂದ, ಎರಡರಷ್ಟು, ಅಂದರೆ 2 ಮಿ.ಮೀ. ಉಜ್ಜಬೇಕು. ಬ್ರಿಡ್ಜ್ ಮೇಲೆ ಕಾಣುವ ಸ್ಯಾಡಲ್ ಇರುವುದೇ 3 ಮಿ.ಮೀ.! ಉಳಿಯುವ ಒಂದರಲ್ಲಿ ತಂತಿಯ ಒತ್ತು ತಗ್ಗಿ ಸದ್ದು ಮಂಕಾಗುತ್ತದೆ. ನೆಕ್ ನೇರವಾಗಿದೆ, 7ನೇ ಫ್ರೆಟ್‌ನಲ್ಲಿ ಸಂದು 0.2 ಮಿ.ಮೀ.; ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಒಳಗಿನ ಕಂಬಿ) ತಿರುಗಿಸಿ ಪ್ರಯೋಜನವಿಲ್ಲ.

ಕರಾವಳಿಯಲ್ಲಿ ಸಾಲಿಡ್ ಟಾಪ್ ಬಳಸುವವರು ದಯವಿಟ್ಟು ತಿಳಿಸಿ: ಮಳೆಗಾಲದ ಈ ಉಬ್ಬು ಬೇಸಿಗೆಯಲ್ಲಿ ತಾನಾಗಿ ಇಳಿಯುತ್ತದೆಯೇ? 12-53 ತೆಗೆದು ಅದಕ್ಕಿಂತ ತೆಳುವಾದ 11-52 ತಂತಿ ಹಾಕಿದರೆ ಎಷ್ಟು ತಗ್ಗೀತು? ಮಂಗಳೂರು, ಉಡುಪಿ ಕಡೆ ಸ್ಯಾಡಲ್ ಕೆಲಸ ನಂಬಿ ಕೊಡಬಹುದಾದವರು ಯಾರು, ಕೂಲಿ ಎಷ್ಟು?