ಎಐಬಿಇ ಪರೀಕ್ಷೆಯ ದಿನ ಯಾವ ಪುಸ್ತಕಗಳನ್ನು ಒಯ್ಯಬೇಕು?

ಪ್ರಶ್ನೆ, ತುಮಕೂರಿನಿಂದ:
ವಕೀಲಿಕೆಯ ಸನ್ನದು ಪಡೆದು ತುಮಕೂರಿನ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಮುಂದಿನ ಭಾನುವಾರ ಬೆಂಗಳೂರಿನ ಕೇಂದ್ರವೊಂದರಲ್ಲಿ ಎಐಬಿಇ, ಎಂದರೆ ವಕೀಲಿಕೆ ನಡೆಸಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆ, ಬರೆಯಬೇಕಿದೆ. ಕಾಲೇಜಿನಿಂದ ಬಳಸುತ್ತಿರುವ, ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ನನ್ನ ಬೇರ್ ಆಕ್ಟ್‌ಗಳ ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿಗಳಿವೆ. ಅವನ್ನೇ ಒಯ್ಯಬಹುದೇ? ಪುಸ್ತಕ ನೋಡಿ ಬರೆಯುವ ಪರೀಕ್ಷೆಯೆಂದು ಎಲ್ಲರೂ ಧೈರ್ಯ ಹೇಳುತ್ತಾರೆ, ನನಗೆ ಮಾತ್ರ ಸಮಯ ಸಾಲದೆಂಬ ಭಯ.

ಉತ್ತರ, ಕೋಲಾರದಿಂದ:
ಅವನ್ನು ಮನೆಯಲ್ಲಿಯೇ ಬಿಡಿ. ಟಿಪ್ಪಣಿ, ವ್ಯಾಖ್ಯಾನಗಳಿಲ್ಲದ ಬೇರ್ ಆಕ್ಟ್‌ಗಳಿಗೆ ಮಾತ್ರ ಅನುಮತಿ ಇರುವುದರಿಂದ, ಬಾಗಿಲಲ್ಲಿ ಪುಸ್ತಕ ಕಳೆದುಕೊಂಡು ಬರಿಗೈಯಲ್ಲಿ ಕೂರುವ ಅಪಾಯ ಬೇಡ. ಏನೂ ಬರೆದಿರದ ಹೊಸ ಪ್ರತಿಗಳನ್ನು ಕೊಂಡು ಒಯ್ಯಿರಿ.

ನಿಮ್ಮ ಭಯ ನಿರಾಧಾರವಲ್ಲ. 100 ಪ್ರಶ್ನೆಗಳಿಗೆ 210 ನಿಮಿಷ, ಎಂದರೆ ಒಂದಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಪ್ರತಿಯೊಂದಕ್ಕೂ ಪುಟ ತಿರುಗಿಸುತ್ತಾ ಹೋದರೆ ಅದು ಖಂಡಿತ ಸಾಲದು. ಗೊತ್ತಿರುವುದನ್ನು ಮೊದಲು ಗುರುತಿಸಿ, ಉಳಿದವಕ್ಕೆ ಮಾತ್ರ ಪುಸ್ತಕ ತೆರೆಯಿರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಉತ್ತೀರ್ಣರಾಗಲು ಶೇ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40.

ನನಗೆ ಹೆಚ್ಚು ಕಳವಳ ತರುವುದು ಹೊಸ ಕ್ರಿಮಿನಲ್ ಕಾನೂನುಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಇವುಗಳಲ್ಲಿ ಕಲಂ ಸಂಖ್ಯೆಗಳೇ ಬದಲಾಗಿವೆ. ಹಳೆಯ ದಂಡ ಸಂಹಿತೆಯಲ್ಲಿ ಕೊಲೆಯ ಶಿಕ್ಷೆಯ ಕಲಂ 302 ಈಗ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103. ಇನ್ನೂ ಮೋಸಗೊಳಿಸುವುದು 482: ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೈಕೋರ್ಟಿನ ಅಂತರ್ಗತ ಅಧಿಕಾರವನ್ನು (ನ್ಯಾಯಕ್ಕಾಗಿ ಅಗತ್ಯ ಆದೇಶ ನೀಡುವ ಅದರ ಸಹಜ ಅಧಿಕಾರ) ಸೂಚಿಸುತ್ತಿದ್ದ ಆ ಸಂಖ್ಯೆ, ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನಿನದ್ದು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು), ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಕಚೇರಿಯಲ್ಲಿ ಹಳೆಯ ಪ್ರಕರಣಗಳ ಕಡತಗಳನ್ನು ದಿನವೂ ನೋಡುವ ನಮ್ಮಂಥವರ ಕೈ ಹಳೆಯ ಸಂಖ್ಯೆಯತ್ತಲೇ ಹೋಗುತ್ತದೆ. ಆದ್ದರಿಂದ ಈ ವಾರ ಹೊಸದೇನನ್ನೂ ಓದದೆ, ಒಯ್ಯಲಿರುವ ಆ ಪ್ರತಿಗಳ ಪರಿವಿಡಿಯನ್ನೇ ದಿನಕ್ಕೆರಡು ಬಾರಿ ತಿರುವಿಹಾಕಿ.

ಉತ್ತರ, ಚಿಕ್ಕಬಳ್ಳಾಪುರದಿಂದ:
ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. ಉತ್ತರಗಳ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ ಪ್ರಶ್ನೆಪತ್ರಿಕೆಯ ಸೆಟ್ ಕೋಡನ್ನು ಮೊದಲೇ ತುಂಬಿ. ಅದು ತಪ್ಪಾದರೆ ಸರಿಯುತ್ತರಗಳೂ ವ್ಯರ್ಥ. ಪ್ರವೇಶಪತ್ರ, ಮೂಲ ಗುರುತಿನ ಚೀಟಿ, ಬಾಲ್ ಪೆನ್ನುಗಳನ್ನು ಹಿಂದಿನ ರಾತ್ರಿಯೇ ಚೀಲದಲ್ಲಿಡಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇಂದೇ ಹೊಸ ಪ್ರತಿಗಳನ್ನು ಕೊಳ್ಳುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಹೊರಡುವುದೇ, ರೈಲಿನಲ್ಲಿಯೇ?

ಉತ್ತರ, ಕೋಲಾರದಿಂದ:
ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿ.ಮೀ. ಆದರೂ ನೆಲಮಂಗಲದ ಬಳಿಯ ವಾಹನದಟ್ಟಣೆಯನ್ನು ನಂಬಲಾಗದು. ರೈಲಿನಲ್ಲಿ ಯಶವಂತಪುರಕ್ಕೆ ಬಂದು ಮೆಟ್ರೊ ಹಿಡಿಯಿರಿ. ಬೆಂಗಳೂರಿನಲ್ಲಿ ನೆಂಟರಿದ್ದರೆ ಶನಿವಾರ ಸಂಜೆಯೇ ಹೋಗಿ ಕೇಂದ್ರವನ್ನು ನೋಡಿಕೊಂಡು ಬನ್ನಿ.