ನಿದ್ದೆಯಲ್ಲಿ ಉಸಿರು ಕಟ್ಟಿದರೆ ನಮಗೆ ಗೊತ್ತಾಗುತ್ತಾ? ಡಾಕ್ಟರನ್ನು ಕೇಳಿ

ಪ್ರಶ್ನೆ: ನಮಸ್ತೆ ಡಾಕ್ಟರ್. ನಮ್ಮ ಯಜಮಾನರದು ಜೋರು ಗೊರಕೆ. ಮಧ್ಯೆ ಉಸಿರೇ ನಿಲ್ಲುತ್ತದೆ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಬೆಳಿಗ್ಗೆ ಕೇಳಿದರೆ ಚೆನ್ನಾಗಿ ಮಲಗಿದ್ದೆ ಅಂತಾರೆ. ಈಗ ಸ್ನೇಹಿತರು ಕೊಟ್ಟ ನಿದ್ದೆ ಮಾತ್ರೆ ಬೇರೆ.

ಡಾಕ್ಟರ್: ಅವರು ಸುಳ್ಳು ಹೇಳುತ್ತಿಲ್ಲಮ್ಮ, ನಿಜಕ್ಕೂ ಗೊತ್ತಾಗಿರುವುದಿಲ್ಲ. ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳು ಕೆಲವು ಸೆಕೆಂಡು ಎಚ್ಚರವಾಗಿ ಗಂಟಲು ತೆರೆಸುತ್ತದೆ. ಅಷ್ಟು ಚಿಕ್ಕ ಎಚ್ಚರ ನೆನಪಿನಲ್ಲಿ ಉಳಿಯುವುದಿಲ್ಲ. 10 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ, ಅಥವಾ ಅರ್ಧಂಬರ್ಧ ಕಟ್ಟಿದರೆ, ಲೆಕ್ಕಕ್ಕೆ ಹಿಡಿಯುತ್ತೇವೆ. ಗಂಟೆಗೆ 30 ಸಲ ಅಥವಾ ಹೆಚ್ಚು ಆದರೆ ತೀವ್ರ.

ನನಗೆ ಭಯ ಆ ಮಾತ್ರೆಯದು. ಅವರನ್ನು ಕಾಪಾಡುತ್ತಿರುವುದೇ ಆ ಎಚ್ಚರ. ಕೆಲವು ನಿದ್ದೆ ಮಾತ್ರೆ, ಮದ್ಯ ಅದನ್ನೇ ಮಂಕು ಮಾಡುತ್ತವೆ. ಉಸಿರು ನಿಲ್ಲುವುದನ್ನು ವಿಡಿಯೋ ಮಾಡಿ, ಮಾತ್ರೆಯ ಜೊತೆ ತೋರಿಸಿ, ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಮಾಡಿಸಿ. ಹಗಲು ತೂಕಡಿಸುತ್ತಾರಾ? ಗಾಡಿ ಓಡಿಸುತ್ತಾರಾ?

ಸದಸ್ಯ: ಬಾಯಿಗೆ ಟೇಪ್ ಅಂಟಿಸಿ ಮಲಗಿದರೆ ಗೊರಕೆ ಮಾಯ. ವಿಡಿಯೋ ಬಂದಿದೆ, ಹಾಕಲಾ?

ಡಾಕ್ಟರ್: ಬೇಡ. ಮೂಗು ಕಟ್ಟಿದ್ದರೆ, ವಾಂತಿ ಬಂದರೆ ಏನು ಗತಿ?

ಪ್ರಶ್ನೆ: ಗೊರಕೆ ಅಂದರೆ ಗಾಢ ನಿದ್ದೆ ಅಲ್ವಾ ಸಾರ್?

ಡಾಕ್ಟರ್: ಅಲ್ಲ. ಮೇಲೆ ಓದಿ.

ಪ್ರಶ್ನೆ: ಸಿಪ್ಯಾಪ್ (ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಮೆಷಿನ್) ಮಾಸ್ಕ್ ಹಾಕಿದರೆ ಬಾಯಿ ಒಣಗುತ್ತದೆ. ಏನು ಮಾಡಲಿ?

ಪ್ರಶ್ನೆ: ಅಪ್ಪನಿಗೆ ಹೃದಯ ನಿಂತಾಗ ಪ್ರಜ್ಞೆ ಇರಲಿಲ್ಲ, ಆದರೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರು. ಆ ಸಂಕಟ ಅವರಿಗೆ ಗೊತ್ತಾಗಿರುತ್ತಾ?

ಡಾಕ್ಟರ್: ಹೃದಯ ನಿಂತ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಆ ಏದುಸಿರು ಮಿದುಳಿನ ಬುಡದಿಂದ ತಾನಾಗಿ ಬರುವುದು. ನೀವು ಕಂಡ ಸಂಕಟವನ್ನು ಅವರು ಅನುಭವಿಸಲಿಲ್ಲ ಅಂತಲೇ ನಾನು ನಂಬುತ್ತೇನೆ. ಉಳಿದವರು ಗಮನಿಸಿ: ಅದನ್ನು ಉಸಿರಾಟ ಅಂದುಕೊಂಡು ಕಾಯಬೇಡಿ. ಆಂಬ್ಯುಲೆನ್ಸ್ ಕರೆಸಿ, ತಕ್ಷಣ ಎದೆ ಒತ್ತಲು ಶುರು ಮಾಡಿ.

ಸದಸ್ಯ: ನಾನು ದಿನಾ ಟೇಪ್ ಹಾಕುತ್ತೇನೆ, ಏನೂ ಆಗಿಲ್ಲ. ಸುಮ್ನೆ ಹೆದರಿಸುತ್ತೀರಿ.

ಇನ್ನೊಬ್ಬರು: ಮಲಗಿದ ಮೇಲೆ ಏನಾಯಿತು ಅಂತ ನಿಮಗೆ ಹೇಗೆ ಗೊತ್ತು? ಇಲ್ಲಿ ಚರ್ಚೆಯೇ ಅದು!

ಸದಸ್ಯ: ನೀವೇನು ಡಾಕ್ಟರಾ? ಮೆಷಿನ್ ಮಾರುವವರ ಪರ ಮಾತಾಡಬೇಡಿ.

ಇನ್ನೊಬ್ಬರು: ನನ್ನ ತಮ್ಮ ಆ ಮೆಷಿನ್ನಿಂದಲೇ ನೆಟ್ಟಗೆ ಮಲಗುತ್ತಿದ್ದಾನೆ. ಬಾಯಿಗೆ ಬಂದದ್ದು ಬರೆಯಬೇಡಿ.

ಪ್ರಶ್ನೆ: ಗೊರಕೆ ಹೊಡೆದರೆ ಒಳ್ಳೆ ನಿದ್ದೆ ಅಂತಾರಲ್ಲ?

ಡಾಕ್ಟರ್: ಓದದೆ ಕೇಳಬೇಡಿ. ಟೇಪ್ ಜಗಳ ಸಾಕು, ಇನ್ನೊಂದು ಫಾರ್ವರ್ಡ್ ಬಂದರೆ ತೆಗೆಸುತ್ತೇನೆ. ಮೊದಲು ಕೇಳಿದವರು ಎಲ್ಲಿದ್ದೀರಿ? ಗಾಡಿ ಓಡಿಸುತ್ತಾರಾ ಹೇಳಿ.

ಉತ್ತರ: ಲಾರಿ ಡ್ರೈವರ್ ಡಾಕ್ಟರ್. ಊಟ ಆದರೆ ತೂಕಡಿಸುತ್ತಾರೆ.

ಡಾಕ್ಟರ್: ಪರೀಕ್ಷೆ ಆಗುವವರೆಗೆ ಸ್ಟೀರಿಂಗ್ ಮುಟ್ಟುವುದು ಬೇಡ. ನಾಳೆಯೇ ಕರೆದುಕೊಂಡು ಹೋಗಿ.